ಎಡ ಗಿಟಾರು, ಬಲ ಗಿಟಾರು, ನಡುವೆ ನಾನು

ಅದಕ್ಕೊಂದು ಹೆಸರಿತ್ತು. ಮಾಡ್ಲರ್... ಮೊಡುಲರ್... ನಾಲಗೆಯ ತುದಿಗೆ ಬಂದು ಅಲ್ಲೇ ಕೂತುಬಿಡುತ್ತದೆ, ಹೊರಗೆ ಬಾ ಎಂದರೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಒಂದು ಕೆಂಪು ಡಬ್ಬಿ, ಇನ್ನೊಂದು ನೀಲಿ ಡಬ್ಬಿ, ಅಷ್ಟೇ. ಈಗ ಭೋಪಾಳದಲ್ಲಿ ಮಗಳ ಮನೆಯ ಗ್ಯಾಲರಿಯಲ್ಲಿ ಕೂತು ಬರೆಯಲು ಹೊರಟರೆ ಮೊದಲ ಸಾಲಿನಲ್ಲೇ ಎಡವಿದೆ. ಒಳಗಿನಿಂದ ಮೊಮ್ಮಗಳು, "ಆಂಪ್ ಮಾಡೆಲರ್, ಆಯಿ" ಎಂದಳು. ಹೌದು, ಅದೇ.

ಗಿಟಾರು ಇರುವ ಮನೆಯಲ್ಲಿ ವಿಚಿತ್ರಗಳು ಆಗಾಗ ನಡೆಯುತ್ತವೆ. ಎರಡು ಗಿಟಾರು ಇದ್ದು, ಅವೂ ಅಣ್ಣ ತಮ್ಮನ ಕೈಯಲ್ಲಿದ್ದರೆ, ಅನ್ನಕ್ಕೆ ಎಸರಿಟ್ಟಷ್ಟು ಸಹಜವಾಗಿ ದಿನಾ ನಡೆಯುತ್ತವೆ.

ನಾನು ಹುಟ್ಟಿದ್ದು ಮಸಗುಪ್ಪಿಯಲ್ಲಿ, ಕೊಟ್ಟದ್ದು ಗೋಕಾಕಕ್ಕೆ. ಮನೆಯ ಮುಂಭಾಗದಲ್ಲಿ ನನ್ನ ಖಾನಾವಳಿ. ಹಿಂದಿನ ಕೋಣೆಯಲ್ಲಿ ನಮ್ಮ ಯಜಮಾನರು ಮತ್ತು ಅವರ ತಮ್ಮ ನಡೆಸುತ್ತಿದ್ದ ಆರ್ಕೆಸ್ಟ್ರಾ. ಹಾಡುವವರು, ಡ್ರಮ್ಮಿನವರು ಕಾರ್ಯಕ್ರಮವಿದ್ದ ದಿನ ಬಂದು ಹೋಗುತ್ತಿದ್ದರು. ಗಿಟಾರಿನ ಇಬ್ಬರು ಮಾತ್ರ ಮನೆಯವರೇ, ಆದ್ದರಿಂದ ಎಲ್ಲಿಗೂ ಹೋಗುತ್ತಿರಲಿಲ್ಲ.

ಕರೆಂಟಿನ ಗಿಟಾರಿಗೆ ಸ್ವಂತ ದನಿ ಕಡಿಮೆ. ಅದರ ದನಿ ಏಳುವುದು ಆಂಪ್ ಎಂಬ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಗಳೋ ಹಿಟ್ಟಿನ ಗಿರಣಿಯಷ್ಟು ಭಾರ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಈ ಹೊಸ ಡಬ್ಬಿಗಳು ಬಂದವು. ಒಂದು ಗುಂಡಿ ತಿರುಗಿಸಿದರೆ ವಿಲಾಯತಿಯ ಒಂದು ದೊಡ್ಡ ಪೆಟ್ಟಿಗೆಯ ದನಿ, ಇನ್ನಷ್ಟು ತಿರುಗಿಸಿದರೆ ಅಮೆರಿಕದ ಇನ್ನೊಂದರ ದನಿ. ಹಗಲುವೇಷದವನು ಬೆಳಗ್ಗೆ ರಾಮನಾಗಿ ಬಂದು ಸಂಜೆ ಪೊಲೀಸನಾಗುತ್ತಾನಲ್ಲ, ಹಾಗೆ. ಯಜಮಾನರು ಪುಣೆಯಿಂದ ಕೆಂಪು ಡಬ್ಬಿ ತಂದರು. ಅದು ಅವರೆಕಾಳಿನ ಆಕಾರದಲ್ಲಿತ್ತು. ಅಣ್ಣ ತಂದದ್ದನ್ನೇ ತರಲು ತಮ್ಮನಿಗೆ ಮನಸ್ಸಾಗಲಿಲ್ಲ. ಮೈದುನ ಮುಂಬಯಿಗೆ ಹೋಗಿ ಬೇರೆ ಕಂಪನಿಯ ನೀಲಿ ಡಬ್ಬಿ ತಂದ. ಆಮೇಲಿನದೆಲ್ಲ ಆ ಮುಂಬಯಿ ಪ್ರಯಾಣದ ಫಲ.

ಉಪ್ಪು ಕಡಿಮೆ

ಮುಂಬಯಿಯಲ್ಲಿ ಮೈದುನನಿಗೆ ಯಾರೋ ಸ್ಟೀರಿಯೊದ ಹುಚ್ಚು ಹಿಡಿಸಿದ್ದರು. ಒಂದು ಗಿಟಾರು ಎಡಗಡೆಯ ಸ್ಪೀಕರಿನಲ್ಲಿ, ಇನ್ನೊಂದು ಬಲಗಡೆಯದರಲ್ಲಿ. ಇಬ್ಬರೂ ಒಂದೇ ರಾಗ ಬಾರಿಸಬೇಕು. ಎರಡರ ದನಿಯೂ ಹದವಾಗಿ ಹೊಂದಿಕೊಂಡರೆ ನಡುವೆ ಕೂತವನಿಗೆ ಗಿಟಾರು ಎದುರಿನ ಗೋಡೆಯಷ್ಟು ಅಗಲವಾಗಿ ಕೇಳುತ್ತದಂತೆ. ಹೊಂದದಿದ್ದರೆ ಒಂದು ಚಪ್ಪಲಿ ಒಂದು ಬೂಟು ಹಾಕಿಕೊಂಡು ನಡೆದಂತೆ.

ಇಬ್ಬರೂ ಬಾರಿಸುತ್ತಿದ್ದುದರಿಂದ ನಡುವೆ ಕೂತು ಕೇಳುವವರು ಬೇಕಾಯಿತು. ಆ ಕೆಲಸ ನನ್ನ ಪಾಲಿಗೆ ಬಂತು. ರೊಟ್ಟಿ ಬಡಿಯುತ್ತಿದ್ದವಳನ್ನು ಹಿಟ್ಟಿನ ಕೈಯಲ್ಲೇ ಕರೆದು, "ವೈನಿ, ಯಾವ ಬಾಜೂ ದಪ್ಪ ಐತಿ ಹೇಳ್ರಿ" ಎನ್ನುತ್ತಿದ್ದ ಮೈದುನ. ಗೇನು, ಟ್ರೆಬಲ್ಲು, ಮಿಡ್ಡು ನನಗೇನು ಗೊತ್ತು. ಗೊತ್ತಿದ್ದ ಮಾತಿನಲ್ಲೇ ಹೇಳಿದೆ.

"ಎಡಗಡಿದು ಎಣ್ಣಿ ಹೆಚ್ಚಾದ ಬದ್ನಿಕಾಯಿ ಪಲ್ಯಾ ಆಗೇತಿ. ಬಲಗಡಿದು ಒಣಾ ಝುಣಕ."

ಅಣ್ಣ ತಮ್ಮ ಇಬ್ಬರೂ ತಲೆಯಾಡಿಸಿ ಗುಂಡಿ ತಿರುಗಿಸಿದರು. ದನಿ ಹೊಂದಿತೋ ಇಲ್ಲವೋ, ನನ್ನ ಭಾಷೆ ಮಾತ್ರ ಮನೆಯಲ್ಲಿ ನಿಂತಿತು. ಅಂದಿನಿಂದ ಹಿಂದಿನ ಕೋಣೆಯಲ್ಲಿ ನಡೆಯುವುದೆಲ್ಲ ಅಡುಗೆ ಮಾತೇ. ಅಣ್ಣಾ, ಒಗ್ಗರಣಿ ಸ್ವಲ್ಪ ಸೀದೈತಿ. ತಮ್ಮಾ, ನಿಂದು ಇನ್ನೂ ಕುದ್ದಿಲ್ಲ. ಸ್ಪೀಕರುಗಳು ಖಾನಾವಳಿಯ ಕಡೆಗೇ ಮುಖ ಮಾಡಿದ್ದರಿಂದ ಉಣ್ಣುವವರೂ ಸುಮ್ಮನಿರದೆ ಸಲಹೆ ಕೊಡತೊಡಗಿದರು.

ಸುಮ್ಮನಿರುತ್ತಿದ್ದವರು ಒಬ್ಬರೇ, ಹಿಡಕಲ್ ಕಾಕಾ. ಹಿಡಕಲ್ ಆಣೆಕಟ್ಟಿನ ಕೆಲಸದಿಂದ ನಿವೃತ್ತರಾಗಿ ಗೋಕಾಕದಲ್ಲಿದ್ದವರು, ದಿನಾ ನಮ್ಮಲ್ಲೇ ಊಟ. ಎಡ ಭುಜವನ್ನು ಗೋಡೆಗೆ ತಾಗಿಸಿ ಕೂರುವ ಒಂದು ಜಾಗ ಅವರದು. ಅಲ್ಲಿ ಬೇರೆಯವರು ಕೂತಿದ್ದರೆ ಎಷ್ಟು ಹೊತ್ತಾದರೂ ನಿಂತೇ ಕಾಯುತ್ತಿದ್ದರು. ಏನು ಕೇಳಿದರೂ, "ಎಲ್ಲಾ ಚೊಲೋ ಐತಿ" ಎಂದು ರೊಟ್ಟಿ ಮುರಿಯುತ್ತಿದ್ದರು.

ಒಂದು ಮಧ್ಯಾಹ್ನ ಬಲಗಡೆಯ ಬೆಂಚಿನಲ್ಲಿ ಕೂತ ಹೊಸ ಗಿರಾಕಿಯೊಬ್ಬರು, "ಏನ್ರಿ, ಈ ಕಡೆ ಉಪ್ಪ ಕಡಿಮಿ ಆಗೇತಲ್ಲ" ಎಂದರು. ಮೈದುನ ಒಳಗಿನಿಂದಲೇ, "ಹಾಕೇನಿ ತಡೀರಿ" ಎಂದು ನೀಲಿ ಡಬ್ಬಿಯ ಒಂದು ಗುಂಡಿಯನ್ನು ತುಸು ಬಲಕ್ಕೆ ತಿರುಗಿಸಿದ. ಅವರು ಹೇಳಿದ್ದು ಬೇಳೆಗೆ. ನಾನು ಉಪ್ಪಿನ ಬಟ್ಟಲು ಹಿಡಿದು ಹೋಗುವಷ್ಟರಲ್ಲಿ ಅವರು ಇನ್ನೊಂದು ತುತ್ತು ಬಾಯಿಗಿಟ್ಟು, ಚಪ್ಪರಿಸಿ, "ಹಾಂ, ಈಗ ಸರಿ ಆತ ನೋಡ್ರಿ" ಎಂದರು.

ಹಲ್ಲು ನೋಡುವುದು

ನಮ್ಮಪ್ಪ ಮಸಗುಪ್ಪಿಯಲ್ಲಿ ಎತ್ತಿನ ಜೋಡಿ ಹೊಂದಿಸುವುದರಲ್ಲಿ ಹೆಸರಾದವರು. ಸುತ್ತಿನ ಹಳ್ಳಿಯವರು ಎತ್ತು ಕೊಳ್ಳುವ ಮುಂಚೆ ಅವರನ್ನು ಸಂತೆಗೆ ಕರೆದೊಯ್ಯುತ್ತಿದ್ದರು. ಒಮ್ಮೆ ಶೇಂಗಾ ಚೀಲ ಹೊತ್ತು ನಮ್ಮಲ್ಲಿಗೆ ಬಂದಾಗ ಯಜಮಾನರು ಅವರ ಮುಂದೆ ಸಂಕಟ ತೋಡಿಕೊಂಡರು. ಕೆಂಪಿನ ಗುಂಡಿಯಲ್ಲಿ ಅಂಕಿ ಹತ್ತರ ತನಕ, ನೀಲಿಯದರಲ್ಲಿ ನೂರರ ತನಕ. ಅಣ್ಣ ಐದಕ್ಕೆ ಇಡು ಎಂದರೆ ತಮ್ಮ ಐದಕ್ಕೇ ಇಡುತ್ತಾನೆ, ನೀಲಿ ಡಬ್ಬಿ ಪಿಸುಗುಟ್ಟುತ್ತದೆ.

ಅಪ್ಪ ಡಬ್ಬಿಗಳ ಸುತ್ತ ಒಂದು ಸುತ್ತು ಬಂದರು. ಕೆಂಪಿನ ಬೆನ್ನು ಸವರಿದರು. ಕುಕ್ಕರಗಾಲಲ್ಲಿ ಕೂತು ಎರಡರ ಗುಂಡಿಗಳ ಸಾಲನ್ನೂ ಬೆರಳಿಟ್ಟು ನೋಡಿದರು.

"ಇದು ಹಲ್ಲೆಲ್ಲಾ ಬಂದ ಬಾಯಿ ಕೂಡಿದ್ದು, ನೀಲೀದಕ್ಕ ಇನ್ನೂ ಹಾಲಹಲ್ಲ ಅದಾವು. ಒಂದಽ ನೊಗಕ್ಕ ಕಟ್ಟಿದ್ರ ಹೊಲಾ ಡೊಂಕ ಆಗತೈತಿ" ಎಂದರು.

"ಹಂಗಾದ್ರ ಏನ ಮಾಡೂದರಿ ಮಾವಾರ?"

ಅಪ್ಪ ನೀಲಿಯ ಬೆನ್ನನ್ನೂ ಒಮ್ಮೆ ತಟ್ಟಿ ನೋಡಿದರು. "ನೀಲೀದನ್ನ ಒಂದ ವರ್ಷ ಚೊಲೋ ಮೇಯಿಸ್ರಿ" ಎಂದರು.

ಹುಣಸೆಹಣ್ಣು

ನಮ್ಮ ಕಡೆ ಮಹಾನವಮಿಗೆ ಖಂಡೇ ಪೂಜೆ. ಅನ್ನ ಕೊಡುವ ಸಾಮಾನು ಯಾವುದೇ ಇರಲಿ, ಕುಡಗೋಲು, ಈಳಿಗೆ, ಹಂಚು, ಹೊಲಿಗೆ ಮಷೀನು, ಎಲ್ಲವನ್ನೂ ತೊಳೆದು ವಿಭೂತಿ ಹಚ್ಚಿ ಹೂವಿಟ್ಟು ಆ ದಿನ ವಿಶ್ರಾಂತಿ ಕೊಡುತ್ತೇವೆ. ತೊಳೆಯುವುದು ಅತ್ತೆಯ ಹಕ್ಕು. ಅದರಲ್ಲಿ ಯಾರೂ ಕೈ ಹಾಕುವಂತಿರಲಿಲ್ಲ.

ಆ ವರ್ಷ ನಾವೆಲ್ಲ ಏಳುವ ಹೊತ್ತಿಗೆ ಅತ್ತೆ ಬಚ್ಚಲ ಕಟ್ಟೆಯ ಮೇಲೆ ಸಾಮಾನು ಸಾಲಾಗಿ ಬೋರಲು ಹಾಕಿದ್ದರು. ತಾಮ್ರದ ಹಂಡೆ, ಎರಡು ತಂಬಿಗೆ, ಅವುಗಳ ಪಕ್ಕದಲ್ಲಿ ಕೆಂಪು ಡಬ್ಬಿ. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರಿಂದ ನಾಲ್ಕೂ ಫಳಫಳ ಹೊಳೆಯುತ್ತಿದ್ದವು. ಡಬ್ಬಿಯ ತೂತುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಯಜಮಾನರು ಡಬ್ಬಿಯನ್ನು ಎತ್ತಿ ಬೋರಲು ಹಿಡಿದು ಜಾಡಿಸಿದರು. ಅತ್ತೆ, "ಅದರಾಗ ಎಷ್ಟ ಹೊಲಸ ಕೂತಿತ್ತಂತಿ" ಎಂದರು ಹೆಮ್ಮೆಯಿಂದ.

ಡಬ್ಬಿಯನ್ನು ಮಾಳಿಗೆಯ ಮೇಲೆ ಮೆಣಸಿನಕಾಯಿಯ ಜೊತೆ ಬಿಸಿಲಿಗೆ ಹಾಕಿದೆವು. ಕಾಗೆ ಓಡಿಸಲು ಯಜಮಾನರೇ ಕೂತರು. ಆಶ್ಚರ್ಯವೆಂದರೆ ಒಣಗಿದ ಮೇಲೆ ಅದಕ್ಕೆ ಜೀವ ಬಂತು, ದೀಪ ಹತ್ತಿತು. ದನಿ ಮಾತ್ರ ಬದಲಾಗಿತ್ತು. ಮೊದಲು ಗುಡುಗುತ್ತಿದ್ದದ್ದು ಈಗ ನೆಗಡಿಯಾಗಿ ಕಂಬಳಿ ಹೊದ್ದವರ ಹಾಗೆ ಮಾತಾಡುತ್ತಿತ್ತು. ಕೇಳಲು ಹಿತವಾಗಿಯೇ ಇತ್ತು, ಆದರೆ ನೀಲಿ ಡಬ್ಬಿಯೊಳಗಿನ ಯಾವ ದೇಶದ ಯಾವ ಪೆಟ್ಟಿಗೆಯಲ್ಲೂ ಆ ನೆಗಡಿ ಇರಲಿಲ್ಲ. ಮೈದುನ ಎಲ್ಲ ಗುಂಡಿ ತಿರುಗಿಸಿ ಸೋತ.

ಕೊನೆಗೆ ಯಜಮಾನರು ಬಹಳ ಮೆತ್ತಗೆ, "ತಮ್ಮಾ, ನಿಂದೂ ಒಮ್ಮೆ ತೊಳದ ನೋಡೂಣಲ್ಲ" ಎಂದರು.

ದೀಪಾವಳಿ ಮುಗಿಯುವ ತನಕ ಮೈದುನ ಊಟಕ್ಕೆ ಕೂತಾಗಲೂ ನೀಲಿ ಡಬ್ಬಿಯನ್ನು ಬಗಲಿನಿಂದ ಕೆಳಗಿಡಲಿಲ್ಲ. ಅತ್ತೆ ದಿನಕ್ಕೊಮ್ಮೆ ಅಡುಗೆಮನೆಯಿಂದ ಇಣುಕಿ, "ಅದರ ಪಾಲಿನ ಹುಣಸಿಹಣ್ಣ ತಗದ ಇಟ್ಟೇನಿ" ಎಂದು ನೆನಪು ಮಾಡುತ್ತಿದ್ದರು.

ಬೀಗರ ಪಂಗತಿ

ಮೂಡಲಗಿಯ ಒಂದು ಮದುವೆಯಲ್ಲಿ ಮೊದಲ ಬಾರಿಗೆ ಖರೆ ಸ್ಟೀರಿಯೊ ಮಾಡುವುದೆಂದು ಮೈದುನ ಹಟ ಹಿಡಿದ. ದನಿ ಇನ್ನೂ ಪೂರ್ತಿ ಹೊಂದಿರಲಿಲ್ಲ. ಹಂದರದಲ್ಲಿ ಗದ್ದಲವಿರುತ್ತದೆ, ಯಾರಿಗೆ ತಿಳಿಯುತ್ತದೆ ಎಂದ. ಹಂದರದ ಎಡಕ್ಕೆ ಕೆಂಪು ಡಬ್ಬಿಯ ದನಿ, ಬಲಕ್ಕೆ ನೀಲಿಯದು. ಮುಂಬಯಿಯವರು ಅವನಿಗೆ ಎಲ್ಲ ಹೇಳಿದ್ದರು, ಒಂದನ್ನು ಬಿಟ್ಟು. ನಮ್ಮ ಹಂದರದ ನಟ್ಟನಡುವೆ ಯಾರೂ ಕೂರುವುದಿಲ್ಲ. ಅದು ಓಡಾಡುವ ದಾರಿ. ಎಡಕ್ಕೆ ಹೆಣ್ಣಿನವರು, ಬಲಕ್ಕೆ ಗಂಡಿನವರು. ಸ್ಟೀರಿಯೊ ಸರಿಯಾಗಿ ಕೇಳಿದ್ದು ದಾರಿಯ ನಡುವೆ ನಿಂತ ವಿಡಿಯೊದವನಿಗೆ ಮಾತ್ರ. ಉಳಿದವರಿಗೆಲ್ಲ ಒಂದೊಂದೇ ಗಿಟಾರು.

ಮೊದಲ ಹಾಡು ಮುಗಿಯುವುದರೊಳಗೆ ಗಂಡಿನ ಸೋದರಮಾವ ಎದ್ದು ಬಂದರು.

"ಏನ್ರಿ, ಹೆಣ್ಣಿನವರಿಗೆ ತುಂಬಿದ ದನಿ, ನಮಗ ಬಸದ ನೀರು? ನಾವೇನ ಕರೀಲಾರದ ಬಂದೇವೇನು?"

ಯಜಮಾನರು ಸ್ಟೀರಿಯೊ ಎಂದರೇನೆಂದು ವಿವರಿಸಲು ಹೋದರು.

"ಸ್ಟೀರಿಯೊ ನಿಮ್ಮ ಮನ್ಯಾಗ ಇಟಗೋರಿ. ಬೀಗತನದಾಗ ಒಂದ ಕಿವಿಗೆ ಬೆಣ್ಣಿ, ಒಂದ ಕಿವಿಗೆ ಸುಣ್ಣ ಹಚ್ಚಬ್ಯಾಡ್ರಿ."

ವೈರು ಅದಲುಬದಲು ಮಾಡಿದರು. ಗಂಡಿನವರಿಗೆ ತುಂಬಿದ ದನಿ ಹೋಯಿತು. ಈಗ ಹೆಣ್ಣಿನ ಅಜ್ಜಿ ಎದ್ದರು. ಅಕ್ಷತೆಯ ಅಕ್ಕಿಕಾಳು ಬೀಳುವ ಮುಂಚೆಯೇ ನಮ್ಮ ಕಡೆಯದನ್ನು ಕಸಿದುಕೊಂಡವರು ನಾಳೆ ಹುಡುಗಿಗೆ ಏನು ಕೊಟ್ಟಾರು ಎಂದು ಕೇಳಿದರು. ಮೈದುನ ಒಂದು ಉಪಾಯ ಹೂಡಿದ. ಹಾಡಿಗೊಮ್ಮೆ ವೈರು ಬದಲಿಸುವುದು, ಆಗ ಎರಡೂ ಕಡೆಗೆ ನ್ಯಾಯ.

ಜನ ಬುದ್ಧಿವಂತರು. ತುಂಬಿದ ದನಿ ಯಾವ ಕಡೆ ಹೋಗುತ್ತದೋ ಆ ಕಡೆಗೆ ತಾವೂ ಎದ್ದು ಹೋಗತೊಡಗಿದರು. ಹೆಣ್ಣಿನವರು ಬಲಕ್ಕೆ, ಗಂಡಿನವರು ಎಡಕ್ಕೆ, ಮತ್ತೆ ಎಲ್ಲರೂ ಬಲಕ್ಕೆ. ಮಕ್ಕಳು, ಮುದುಕರು, ಉಡುಗೊರೆಯ ಪಾತ್ರೆ ಹಿಡಿದವರು, ಎಲ್ಲ. ಅಕ್ಕಿಕಾಳು ಬೀಳುವ ಹೊತ್ತಿಗೆ ಯಾರು ಯಾವ ಕಡೆಯವರೆಂದು ಅವರಿಗೇ ತಿಳಿಯದಂತೆ ಕಲಸಿಹೋಗಿದ್ದರು.

ಮೊದಲ ಪಂಗತಿ ಗಂಡಿನ ಕಡೆಯ ಬೀಗರದು. ಅದರಲ್ಲಿ ತಪ್ಪಾದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಬಡಿಸುವವರು ಬಲಗಡೆ ಇದ್ದವರನ್ನೆಲ್ಲ ಕೈಮುಗಿದು ಕರೆದೊಯ್ದು ಕೂರಿಸಿದರು. ಹೋಳಿಗೆ ಮೇಲೆ ತುಪ್ಪ, ಮತ್ತೊಂದು ಹೋಳಿಗೆ, ಸಾಕೆಂದರೂ ಒತ್ತಾಯ. ಉಂಡೆದ್ದು ಎಲೆಯಡಿಕೆ ಹಾಕಿಕೊಂಡ ಮೇಲೆ ಗೊತ್ತಾಯಿತು, ಪಂಗತಿಯಲ್ಲಿ ಮುಕ್ಕಾಲು ಪಾಲು ಹೆಣ್ಣಿನ ಮನೆಯವರೇ. ಗಂಡಿನ ಸೋದರಮಾವ ಎಲ್ಲಿ ಎಂದು ಹುಡುಕಿದರೆ, ಎಡಗಡೆಯಿಂದ ಎಳೆದು ತಂದು ಕೈಗೆ ಬಕೆಟ್ಟು ಕೊಟ್ಟಿದ್ದರು. ಪಾಪ, ಸಾಲಿನ ಕೊನೆಯಲ್ಲಿ ಮಜ್ಜಿಗೆ ಬಡಿಸುತ್ತಿದ್ದರು.

ಬಾಯಿ ಯಾರಿಗೆ

ಆ ಮಜ್ಜಿಗೆಯ ಸುದ್ದಿ ಕಲ್ಲೋಳಿ ದಾಟಿ ಆರ್ಕೆಸ್ಟ್ರಾದವರಿಗಿಂತ ಮುಂಚೆ ಗೋಕಾಕ ಮುಟ್ಟಿತ್ತು. ಅಣ್ಣ ನೀಲಿ ಡಬ್ಬಿಯನ್ನು ಬೈದರು, ತಮ್ಮ ಕೆಂಪು ಡಬ್ಬಿಯನ್ನು ಬೈದ. ಡಬ್ಬಿಯಿಂದ ಮಾತು ಮನುಷ್ಯರಿಗೆ ಬಂತು. ಮುಂಬಯಿಗೆ ಹೋದದ್ದು, ಪುಣೆಗೆ ಹೋದದ್ದು, ಚಿಕ್ಕಂದಿನಲ್ಲಿ ಯಾರ ಗಾಳಿಪಟ ಯಾರು ಹರಿದದ್ದು, ಎಲ್ಲ ಬಂತು. ಮಾತು ನಿಂತಾಗ ಇನ್ನೂ ಕೆಟ್ಟದ್ದಾಯಿತು. ಒಬ್ಬರಿಗೊಬ್ಬರು ನನ್ನ ಮೂಲಕ ಮಾತಾಡತೊಡಗಿದರು. ಕೊನೆಗೆ ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಪ್ಪಿದರು. ಮುಂದಿನದು ಹುಕ್ಕೇರಿಯ ಮದುವೆ. ಅಲ್ಲಿ ಎರಡೂ ಬಾಜೂ ಹೊಂದಿದರೆ ಸರಿ. ಇಲ್ಲದಿದ್ದರೆ ಬೇರೆಯಾಗುವುದು. ಆರ್ಕೆಸ್ಟ್ರಾ ಬೇರೆ, ಒಲೆ ಬೇರೆ, ಮನೆಯ ನಡುವೆ ಗೋಡೆ.

ಇಬ್ಬರೂ ಸೇರಿ, ಬಹಳ ದಿನಗಳ ಮೇಲೆ ಒಟ್ಟಾಗಿ ಒಂದು ಕೆಲಸ ಮಾಡಿದರು. ಗೋಡೆ ಬರುವ ಜಾಗಕ್ಕೆ ಸುಣ್ಣದ ಗೆರೆ ಎಳೆದರು. ಗೆರೆ ಹಿಂದಿನ ಕೋಣೆಯಿಂದ ಹೊರಟು, ನನ್ನ ಒಲೆಯನ್ನು ಸೀಳಿ, ಖಾನಾವಳಿಯ ಬೆಂಚುಗಳನ್ನು ದಾಟಿ, ಹಿಡಕಲ್ ಕಾಕಾ ಅವರ ತಟ್ಟೆಯ ಅಡಿಯಿಂದ ಹಾದು ಬಾಗಿಲಿಗೆ ಹೋಯಿತು. ಇಪ್ಪತ್ತು ಜನ ಕೂತುಣ್ಣುವ ಜಾಗ ಎರಡಾದರೆ ಎರಡು ಕಡೆಯೂ ಕಾಲು ಚಾಚಲು ಆಗದು. ಅರ್ಧ ಒಲೆಯ ಮೇಲೆ ಯಾರಿಗೆ ರೊಟ್ಟಿ ಬಡಿಯಲಿ. ಕಾಕಾ ಮಾತ್ರ ತಟ್ಟೆ ಎತ್ತಿ, ಗೆರೆ ಎಳೆಯಲು ಜಾಗ ಕೊಟ್ಟು, ಮತ್ತೆ ಅಲ್ಲೇ ಇಟ್ಟುಕೊಂಡು ಉಂಡರು.

ಅತ್ತೆ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದವರು ಮಕ್ಕಳನ್ನು ಕರೆದರು.

"ಎಲ್ಲಾ ಹಂಚಿಕೊಂಡ್ರಿ. ನನ್ನೂ ಸ್ಟೀರಿಯೊ ಮಾಡ್ರಿ. ಕೈ ಹಿರಿಯಾಂವಗ, ಕಾಲ ಸಣ್ಣಾಂವಗ. ಬಾಯಿ ಯಾರ ಇಟಗೋತೀರಿ, ಅದನ್ನ ಮೊದಲ ಹೇಳ್ರಿ."

ಅಷ್ಟು ಹೊತ್ತು ಎಲ್ಲದಕ್ಕೂ ಕಿತ್ತಾಡಿದ ಅಣ್ಣ ತಮ್ಮ, ಬಾಯಿಯ ವಿಷಯದಲ್ಲಿ ಒಬ್ಬರಿಗೊಬ್ಬರು ಬಹಳ ಉದಾರವಾಗಿ, ನೀನೇ ಇಟ್ಟುಕೋ, ನೀನೇ ಇಟ್ಟುಕೋ ಎಂದರು.

ಹುಕ್ಕೇರಿಯ ಪಂಚರು

ಹುಕ್ಕೇರಿಯ ಮದುವೆ ಒಂದು ಜೈನ ವ್ಯಾಪಾರಿ ಮನೆತನದ್ದು. ಗಂಡಿನವರು ಕೊಲ್ಲಾಪುರ ಕಡೆಯವರು, ಮರಾಠಿ ಮಾತಾಡುವವರು. ಮೂಡಲಗಿಯ ಮಜ್ಜಿಗೆಯ ಸುದ್ದಿ ಅವರಿಗೂ ಮುಟ್ಟಿತ್ತು. ಮಾತುಕತೆಯಲ್ಲಿ ಸೀರೆ, ಊಟ, ಇಳಿದುಕೊಳ್ಳುವ ಜಾಗ ಎಲ್ಲ ಇತ್ಯರ್ಥವಾದ ಮೇಲೆ ಗಂಡಿನ ಹಿರಿಯರು ಇನ್ನೊಂದು ಸೇರಿಸಿದ್ದರಂತೆ. ಗಿಟಾರು ಎರಡೂ ಬಾಜೂ ಸಮ ಇರಬೇಕು, ಅಕ್ಕಿಕಾಳಿಗಿಂತ ಮುಂಚೆ ಕೇಳಿಸಿ ತೋರಿಸಬೇಕು.

ಆ ದಿನ ನಾನು ಖಾನಾವಳಿಯ ಬಾಗಿಲು ಹಾಕಿ ಜೊತೆಗೆ ಹೋದೆ. ಮನೆ ಒಡೆಯುವುದಾದರೆ ಕಣ್ಣೆದುರಿಗೇ ಒಡೆಯಲಿ ಎಂದುಕೊಂಡೆ. ಖಾನಾವಳಿ ಇಲ್ಲವೆಂದ ಮೇಲೆ ಹಿಡಕಲ್ ಕಾಕಾ ಅವರ ಊಟಕ್ಕೆ ಗತಿ ಏನು? ಅವರನ್ನೂ ಟೆಂಪೊದಲ್ಲಿ ಹತ್ತಿಸಿಕೊಂಡೆವು. ದಾರಿಯುದ್ದಕ್ಕೂ ಅಣ್ಣ ಒಂದು ಮೂಲೆ, ತಮ್ಮ ಒಂದು ಮೂಲೆ, ಅವರವರ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕೂಸಿಗೆ ದೃಷ್ಟಿ ತಾಗೀತೆಂಬಂತೆ ಟವೆಲ್ಲು ಮುಚ್ಚಿ ಕೂತಿದ್ದರು.

ಮಂಗಲ ಕಾರ್ಯಾಲಯದಲ್ಲಿ ಬೆಳಗಿನ ಉಪ್ಪಿಟ್ಟು ಮುಗಿದ ಮೇಲೆ ಪರೀಕ್ಷೆ ಶುರುವಾಯಿತು. ಎಡಕ್ಕೆ ಹೆಣ್ಣಿನ ಹಿರಿಯರು, ಬಲಕ್ಕೆ ಗಂಡಿನ ಹಿರಿಯರು. ಅಣ್ಣ ತಮ್ಮ ಬಾರಿಸಿದರು. ನನಗಂತೂ ಅಂದು ಬಹಳ ಚೆನ್ನಾಗಿ ಕೇಳಿಸಿತು. ಬಾರಿಸಿ ನಿಲ್ಲಿಸಿದ ಕೂಡಲೇ ಎಡಗಡೆಯವರು, ಬಲಗಡೆಯದೇ ದಪ್ಪ ಎಂದರು. ಬಲಗಡೆಯವರು, ಎಡಗಡೆಯದೇ ದಪ್ಪ ಎಂದರು. ಜಾಗ ಬದಲಿಸಿ ಕೂರಿಸಿದರು. ಈಗಲೂ ಅದೇ ಮಾತು. ಮಂದಿಯ ತಟ್ಟೆಯ ಹೋಳಿಗೆ ಯಾವಾಗಲೂ ದೊಡ್ಡದೇ.

ಗಂಡಿನ ತಂದೆ ಶಾಲು ಕೊಡವಿ ಎದ್ದು ನಿಂತರು. ಹೆಣ್ಣಿನ ತಂದೆ ಕೈಮುಗಿದು ಅವರಿಗೆ ಅಡ್ಡ ನಿಂತರು. ನಮ್ಮ ಯಜಮಾನರು ತಮ್ಮನ ಮುಖ ನೋಡಿದರು, ತಮ್ಮ ಅಣ್ಣನ ಮುಖ ನೋಡಿದ. ಆ ನೋಟದಲ್ಲಿ ನನಗೆ ಸುಣ್ಣದ ಗೆರೆಯ ಮೇಲೆ ಇಟ್ಟಿಗೆ ಏರುವುದು ಕಾಣಿಸಿತು.

ಆಗ ಯಾರೋ, ಎರಡೂ ಕಡೆಗೆ ಸೇರದ ಒಬ್ಬ ಹಿರಿಯರು ಹೇಳಲಿ ಎಂದರು. ಎಲ್ಲರೂ ಸುತ್ತ ನೋಡಿದರು. ಮದುವೆಯಲ್ಲಿ ಎರಡೂ ಕಡೆಗೆ ಸೇರದವರು ಎಲ್ಲಿ ಸಿಗುತ್ತಾರೆ? ಹಿಂದಿನ ಸಾಲಿನ ಮೂಲೆಯಲ್ಲಿ ಎಡ ಭುಜವನ್ನು ಗೋಡೆಗೆ ತಾಗಿಸಿ ಕೂತು, ಊಟ ಯಾವಾಗ ಎಂದು ಕಾಯುತ್ತಿದ್ದ ಹಿಡಕಲ್ ಕಾಕಾ ಕಣ್ಣಿಗೆ ಬಿದ್ದರು. ಬಿಳಿ ಧೋತರ, ಗಾಂಧಿ ಟೊಪ್ಪಿಗೆ, ಮುಖದಲ್ಲಿ ಯಾವ ಪಕ್ಷವೂ ಇಲ್ಲ.

ಅವರನ್ನು ಕರೆತಂದು ನಟ್ಟನಡುವೆ ಕುರ್ಚಿ ಹಾಕಿ ಕೂರಿಸಿದರು. ಕಾಕಾ ಕಣ್ಣು ಮುಚ್ಚಿದರು. ಕಾರ್ಯಾಲಯದಲ್ಲಿ ಕೂಸುಗಳೂ ಅಳು ನಿಲ್ಲಿಸಿದವು. ಅಣ್ಣ ತಮ್ಮ ಬಾರಿಸಿದರು. ಅಷ್ಟು ಭಯದಿಂದ ಅವರು ಎಂದೂ ಬಾರಿಸಿರಲಿಲ್ಲ.

"ಇನ್ನೊಮ್ಮೆ" ಎಂದರು ಕಾಕಾ.

ಇನ್ನೊಮ್ಮೆ ಬಾರಿಸಿದರು. ಕಾಕಾ ನಿಧಾನವಾಗಿ ಕಣ್ಣು ತೆರೆದರು. "ಎರಡೂ ಒಂದಽ ಅದಾವು. ಕೂದಲೆಳಿಯಷ್ಟೂ ಫರಕ ಇಲ್ಲ."

ಎಷ್ಟು ಗಟ್ಟಿಯಾಗಿ, ಎಷ್ಟು ನೆಮ್ಮದಿಯಿಂದ ಹೇಳಿದರೆಂದರೆ ಅದರ ಮೇಲೆ ಮಾತಾಡುವ ಧೈರ್ಯ ಯಾರಿಗೂ ಬರಲಿಲ್ಲ. ಗಂಡಿನ ತಂದೆ ಶಾಲನ್ನು ಮತ್ತೆ ಹೆ‌ಗಲಿಗೆ ಹಾಕಿಕೊಂಡು ಕೂತರು. ಹೆಣ್ಣಿನ ತಂದೆ ಕಾಕಾ ಅವರ ಕಾಲು ಮುಟ್ಟಿದರು. ಅಕ್ಕಿಕಾಳು ಬಿತ್ತು. ಮಧ್ಯಾಹ್ನ ಬೀಗರ ಪಂಗತಿಯಲ್ಲಿ ಬೀಗರೇ ಕೂತರು, ಮಜ್ಜಿಗೆ ಬಡಿಸಬೇಕಾದವರೇ ಬಡಿಸಿದರು. ವೇದಿಕೆಯ ಹಿಂದೆ ನಮ್ಮ ಯಜಮಾನರು ತಮ್ಮನ ಬೆನ್ನು ತಟ್ಟುತ್ತಾ, "ನೀಲೀದು ಚೊಲೋ ಮೇಯ್ದೈತಿ ಬಿಡು" ಎನ್ನುತ್ತಿದ್ದರು. ಮೈದುನ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಮರಳಿ ಬರುವಾಗ ಟೆಂಪೊದಲ್ಲಿ ಕಾಕಾ ಅವರ ಎಡಕ್ಕೆ ನನಗೆ ಜಾಗ ಸಿಕ್ಕಿತ್ತು. ಸಂಜೆಯ ಬಿಸಿಲು. ಅಣ್ಣ ತಮ್ಮ ಡ್ರೈವರನ ಪಕ್ಕದಲ್ಲಿ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದರು. ನಾನು ಸೆರಗು ಸರಿಮಾಡಿಕೊಂಡು, "ಕಾಕಾ, ಇವತ್ತ ನೀವು ನಮ್ಮ ಒಲಿ ಉಳಿಸಿದ್ರಿ" ಎಂದೆ.

ಕಾಕಾ ಸುಮ್ಮನಿದ್ದರು. ದೊಡ್ಡವರು, ಹೊಗಳಿಕೆಗೆ ಉಬ್ಬುವವರಲ್ಲ ಎಂದುಕೊಂಡು ಇನ್ನೂ ನಾಲ್ಕು ಒಳ್ಳೆಯ ಮಾತಾಡಿದೆ. ಅದಕ್ಕೂ ಇಲ್ಲ. ಊಟ ಹೇಗಿತ್ತು ಎಂದೆ. ಊಟದ ವಿಷಯಕ್ಕೂ ಕಾಕಾ ಮಾತಾಡದೇ ಇದ್ದಾಗ ನನಗೆ ಗಾಬರಿಯಾಯಿತು. ಭುಜ ಮುಟ್ಟಿದೆ.

ಕಾಕಾ ಪೂರ್ತಿ ನನ್ನ ಕಡೆ ತಿರುಗಿದರು. "ಈ ಬಾಜೂ ಬಂದ ಹೇಳವ್ವಾ" ಎಂದು ಬಲಗಿವಿ ತೋರಿಸಿದರು. "ಆ ಕಿವಿ ಹಿಡಕಲ್ಲಿನಾಗ ಕಲ್ಲಿಗೆ ಮದ್ದ ಇಟ್ಟ ಹಾರಸುವಾಗನಽ ಹೋಗೇತಿ."

ನಾನು ಆ ಕಡೆಗೆ ಸರಿದು ಕೂತೆ. ಡ್ರೈವರನ ಪಕ್ಕದ ಇಬ್ಬರಿಗೂ ಕೇಳದಂತೆ, "ಮತ್ತ ಕಾಕಾ, ಎರಡೂ ಒಂದಽ ಅಂತ ಹೆಂಗ ಹೇಳಿದ್ರಿ?" ಎಂದೆ.

ಕಾಕಾ ನನ್ನನ್ನು, ಇಷ್ಟೂ ತಿಳಿಯದವಳೆಂಬಂತೆ ನೋಡಿದರು.

"ಎರಡೂ ಕೂಡಿ ಒಂದಽ ಕಿವ್ಯಾಗ ಬಂದ್ವು. ಅಲ್ಲಿ ಜಗಳಾಡಾಕ ಜಾಗಾ ಎಲ್ಲೈತಿ?"

ಅಂದಿನಿಂದ ಯಾವ ಮದುವೆಯಿರಲಿ, ಕಾಕಾ ನಮ್ಮ ಜೊತೆ. ಅಕ್ಕಿಕಾಳಿಗಿಂತ ಮುಂಚೆ ನಡುವಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುವುದು, ಇನ್ನೊಮ್ಮೆ ಎನ್ನುವುದು, ಒಂದೇ ಎನ್ನುವುದು. ಎರಡೂ ಕಡೆಯ ಬೀಗರು ಅವರಿಗೇ ಮೊದಲ ಟೊಪ್ಪಿಗೆ ತೊಡಿಸಿ ಶಾಲು ಹೊದಿಸುತ್ತಿದ್ದರು. ಖಾನಾವಳಿಯ ನೆಲದ ಸುಣ್ಣದ ಗೆರೆ ಅತ್ತೆಯ ಕಸಬರಿಗೆಗೆ ಸಿಕ್ಕಿ ಕೆಲವೇ ದಿನಗಳಲ್ಲಿ ಅಳಿಸಿಹೋಯಿತು.

ಕಾಕಾ ಈಗಿಲ್ಲ. ಮೈದುನ ಗೋಕಾಕದಲ್ಲೇ ಇದ್ದಾನೆ. ಯಜಮಾನರು ಇಲ್ಲಿ ನನ್ನ ಎಡಕ್ಕೆ ಆರಾಮಕುರ್ಚಿಯಲ್ಲಿ ಕೂರುತ್ತಾರೆ. ದಿನಾ ಸಂಜೆ ತಮ್ಮನ ಫೋನು ಬಂದಾಗ ಮೊಮ್ಮಗಳು ಅದನ್ನು ಜೋರು ದನಿಗೆ ಹಾಕಿ ನನ್ನ ಬಲಕ್ಕೆ ಸ್ಟೂಲಿನ ಮೇಲಿಡುತ್ತಾಳೆ. ಹುಕ್ಕೇರಿಯಲ್ಲಿ ಕಾಕಾ ಒಂದೇ ಎಂದದ್ದು ಯಾರ ಡಬ್ಬಿ ಯಾರದಕ್ಕೆ ಹೊಂದಿಕೊಂಡದ್ದರಿಂದ ಎಂದು ಎಡದಿಂದಲೂ ಬಲದಿಂದಲೂ ಇನ್ನೂ ವಾದ ನಡೆಯುತ್ತದೆ. ನಡುವೆ ನಾನು ಮೆಂತ್ಯೆ ಸೊಪ್ಪು ಬಿಡಿಸುತ್ತಿರುತ್ತೇನೆ. ಅಂದು ಮೈದುನ ಹೇಳಿದ್ದು ಖರೆ. ಎರಡು ದನಿ ಹೊಂದಿದರೆ ಜಗಳವೂ ಎದುರಿನ ಗೋಡೆಯಷ್ಟು ಅಗಲವಾಗಿ ಕೇಳುತ್ತದೆ.

ಬರೆದು ಬೆರಳು ನೊಂದವು. ಕೊನೆಯ ಸಾಲು ನೀನೇ ಬರೆ ಎಂದು ಮೊಮ್ಮಗಳಿಗೆ ಪೆನ್ನು ಕೊಟ್ಟೆ. ಎಲ್ಲಿ ಬರೆಯಲಿ, ಎಡಕ್ಕೋ ಬಲಕ್ಕೋ ಎಂದು ಕೇಳಿದಳು. ಈ ಮನೆಯ ರಕ್ತ, ಕೇಳದೇ ಇರುತ್ತಾಳೆಯೇ.

"ಹಾಳಿಯ ನಟ್ಟನಡುವ ಬರಿ ಯವ್ವಾ, ಎರಡೂ ಒಂದಽ ಇದ್ವು ಅಂತ, ದಪ್ಪ ಅಕ್ಷರದಾಗ" ಎಂದೆ. "ಕಾಕಾನ ಕಿವಿ ಸುದ್ದಿ ಮಾತ್ರ ಸಣ್ಣ ಅಕ್ಷರದಾಗ ತಿದ್ದಿ ಬರಿ. ನಿಮ್ಮ ಮುತ್ಯಾ ಚಾಳೀಸ ಹಾಕ್ಕೊಂಡ್ರೂ ಕಾಣಬಾರದು, ಹಂಗ."